ಕಪ್ಪು ಕಾಯಿ ಬಂದರೆ ಮೊದಲ ಹತ್ತು ನಡೆ ಹೇಗೆ? ಬಾಯಿಪಾಠ ಬೇಕೇ, ತತ್ತ್ವ ಸಾಕೇ?

ಹೊರಗೆ ಕಾಯುವ ಅಪ್ಪ

ಮಗಳಿಗೆ ಹತ್ತು ವರ್ಷ. ಈ ಭಾನುವಾರ ವಿಜಯನಗರದ ಕಡೆ ಒಂದು ಶಾಲೆಯ ಸಭಾಂಗಣದಲ್ಲಿ ಚದುರಂಗದ ರ‍್ಯಾಪಿಡ್ ಟೂರ್ನಿ ಇತ್ತು. ಪೋಷಕರಿಗೆ ಒಳಗೆ ಪ್ರವೇಶವಿಲ್ಲ. ಗೇಟಿನ ಬಳಿ ಕುಳಿತು, ಹೊರಬರುವ ಮಕ್ಕಳ ಮುಖ ನೋಡಿ ಫಲಿತಾಂಶ ಊಹಿಸುವುದೇ ನಮ್ಮ ಕೆಲಸ. ಜೋಡಿ ಪಟ್ಟಿ ಅಂಟಿಸಿದ ಕೂಡಲೇ ಅವಳು ಹುಡುಕುವುದು ಎದುರಾಳಿಯ ಹೆಸರನ್ನಲ್ಲ, ತನ್ನ ಬಣ್ಣವನ್ನು. ಕಪ್ಪು ಎಂದಿದ್ದರೆ ಆಡುವ ಮೊದಲೇ ಅರ್ಧ ಸೋತಿರುತ್ತಾಳೆ. ‘ನನಗೆ ಯಾವಾಗಲೂ ಕಪ್ಪೇ ಬರುತ್ತದೆ’ ಎಂಬ ದೂರು ಬೇರೆ.

ತರಬೇತುದಾರರು ಸಿಸಿಲಿಯನ್ ಡಿಫೆನ್ಸಿನ (ಕಪ್ಪಿನವರ ಒಂದು ಆರಂಭದ ವ್ಯೂಹ) ದಪ್ಪ ಪ್ರಿಂಟ್ ಕೊಟ್ಟಿದ್ದಾರೆ. ಅದನ್ನು ಹನ್ನೆರಡನೆಯ ನಡೆಯವರೆಗೆ ಮಗ್ಗಿಯಂತೆ ಒಪ್ಪಿಸುತ್ತಾಳೆ. ಎದುರಿನ ಮಗು ಮೂರನೆಯ ನಡೆಯಲ್ಲೇ ಪ್ರಿಂಟಿನಲ್ಲಿ ಇಲ್ಲದ್ದನ್ನು ಆಡುತ್ತದೆ, ಇವಳು ಪೆಚ್ಚಾಗುತ್ತಾಳೆ. ಅದಕ್ಕೆ ಬೇಸತ್ತು ಭಾನುವಾರ ಸಿಸಿಲಿಯನ್ ಬಿಟ್ಟು ಇ5 ಆಡಿದಳಂತೆ. ಆದದ್ದು ಇದು (ಅಡ್ಡಕ್ಕೆ ಎಯಿಂದ ಎಚ್, ಉದ್ದಕ್ಕೆ 1ರಿಂದ 8 ಎಂದು ಮನೆಗಳ ಹೆಸರು; ಪ್ರತಿ ಸಂಖ್ಯೆಯಲ್ಲಿ ಮೊದಲು ಬಿಳಿಯ ನಡೆ, ಆಮೇಲೆ ಕಪ್ಪಿನದು; ಬರೀ ಮನೆಯ ಹೆಸರಿದ್ದರೆ ಕಾಲಾಳಿನ ನಡೆ):

1. ಇ4 ಇ5 2. ಕುದುರೆ ಎಫ್3, ಡಿ6 3. ಒಂಟೆ ಸಿ4, ಒಂಟೆ ಜಿ4 4. ಕುದುರೆ ಸಿ3, ಎಚ್6 5. ಕುದುರೆ ಇ5 ಹೊಡೆತ, ಒಂಟೆ ಡಿ1ರ ರಾಣಿಯನ್ನು ಹೊಡೆಯಿತು 6. ಒಂಟೆ ಎಫ್7 ಹೊಡೆತ ಚೆಕ್, ರಾಜ ಇ7 7. ಕುದುರೆ ಡಿ5 ಚೆಕ್ ಮೇಟ್.

ರಾಣಿ ಸಿಕ್ಕಿತೆಂದು ಕುಣಿದಳು, ಎರಡೇ ನಡೆಯಲ್ಲಿ ಆಟ ಮುಗಿದಿತ್ತು. ನಾನು ಚದುರಂಗದಲ್ಲಿ ಅಷ್ಟಕ್ಕಷ್ಟೇ. ಕೇಳುವುದು ಇಷ್ಟು: ಕಪ್ಪಿಗೆ ಯಾವುದಾದರೂ ಒಂದು ಓಪನಿಂಗ್ (ಆರಂಭದ ನಡೆಗಳ ಸರಣಿ) ಪೂರ್ತಿ ಬಾಯಿಪಾಠ ಮಾಡಿಸಲೇ, ಅಥವಾ ಬರೀ ಮೂಲ ತತ್ತ್ವಗಳ ಮೇಲೆ ಈ ವಯಸ್ಸಿನಲ್ಲಿ ದಾಟಿಕೊಳ್ಳಬಹುದೇ?

ಸಿ8 ಒಂಟೆ

ಮೊದಲು ಸಮಾಧಾನ. ಈ ಮೇಟಿಗೆ ಲೆಗಾಲ್ ಮೇಟ್ ಎಂಬ ಹೆಸರಿದೆ. ಹದಿನೆಂಟನೆಯ ಶತಮಾನದ ಫ್ರೆಂಚ್ ಆಟಗಾರನ ಹೆಸರು ಅದು. ಅಂದಿನಿಂದ ಇದಕ್ಕೆ ಬೀಳದ ಪೀಳಿಗೆಯಿಲ್ಲ.

ಈಗ ಅಸಲು ವಿಷಯ. ಎಲ್ಲರೂ ಐದನೆಯ ನಡೆಯಲ್ಲಿ ರಾಣಿಯನ್ನು ಹೊಡೆದದ್ದೇ ತಪ್ಪು ಎನ್ನುತ್ತಾರೆ. ನಿಜ, ಅಲ್ಲಿ ಡಿ6ರ ಕಾಲಾಳಿನಿಂದ ಕುದುರೆಯನ್ನು ಹೊಡೆದಿದ್ದರೆ ಬಿಳಿಯ ರಾಣಿ ಜಿ4ರ ಒಂಟೆಯನ್ನು ತೆಗೆದು, ಒಂದು ಕಾಲಾಳಿನ ನಷ್ಟಕ್ಕೆ ಮುಗಿಯುತ್ತಿತ್ತು. ನನ್ನ ಪ್ರಕಾರ ರೋಗ ಇರುವುದು ನಾಲ್ಕನೆಯ ನಡೆಯಲ್ಲಿ, ಆ ಎಚ್6ನಲ್ಲಿ. ಮಳೆಯ ಸುಳಿವೇ ಇಲ್ಲದಾಗ ಮನೆಯೊಳಗೆ ಕೊಡೆ ಬಿಚ್ಚಿ ಕುಳಿತಂತಹ ನಡೆ ಅದು. ಅದರ ಬದಲು ಕುದುರೆ ಸಿ6 ಆಡಿದ್ದರೆ? ಬಿಳಿಯವನು ಇ5 ಹೊಡೆದ ತಕ್ಷಣ ಸಿ6ರ ಕುದುರೆ ತಿರುಗಿ ಹೊಡೆಯುತ್ತದೆ, ಜಿ4ರ ಒಂಟೆಗೂ ಕಾವಲಾಗುತ್ತದೆ, ಬಿಳಿಗೆ ಕುದುರೆಯೇ ನಷ್ಟ. ಕುದುರೆ ಎಫ್6 ಆಡಿದ್ದರೆ? ಇವಳು ಹಾಗೆಯೇ ದುರಾಸೆಯಿಂದ ರಾಣಿಯನ್ನು ನುಂಗಿದ್ದರೂ, ಕೊನೆಯ ಡಿ5 ಚೆಕ್‌ಗೆ ಬಂದ ಕುದುರೆಯನ್ನು ಎಫ್6ರ ಕುದುರೆ ಹೊಡೆದು ಹಾಕುತ್ತಿತ್ತು. ಮೇಟೂ ಇಲ್ಲ, ಬಿಳಿಗೆ ರಾಣಿಯೂ ಇಲ್ಲ.

ಇದನ್ನೇ ಮಗಳಿಗೆ ಹಲಗೆಯ ಮೇಲೆ ತೋರಿಸಿ. ಎಫ್6ಕ್ಕೆ ಕುದುರೆ ಬಂದಿದ್ದರೆ ಬಲೆ ತಾನಾಗಿ ಹರಿಯುತ್ತಿತ್ತು; ಸಿ6ಕ್ಕೆ ಬಂದಿದ್ದರೆ ರಾಣಿಯ ಆಸೆ ಬಿಟ್ಟು ಇ5ರ ಕುದುರೆಯನ್ನು ಹೊಡೆದರೆ ಸಾಕಿತ್ತು. ಬಲೆಯ ಹೆಸರು ಗೊತ್ತಿರಬೇಕಿರಲಿಲ್ಲ, ಲೆಕ್ಕ ಹಾಕಬೇಕಿರಲಿಲ್ಲ. ‘ಕಾಯಿಗಳನ್ನು ಹೊರಗೆ ತನ್ನಿ’ ಎಂಬ ಹಳಸಲು ಮಾತು ಕಪ್ಪಿನವರಿಗೆ ಇಷ್ಟು ಕೆಲಸ ಮಾಡಿಕೊಡುತ್ತದೆ. ಕಾಣದ ಬಲೆಗೂ ಅದು ಕಾವಲು.

ಇನ್ನು ಕಪ್ಪು ಎಂದರೇನು ಎಂಬುದು. ಒಂದು ನಡೆ ಹಿಂದೆ ಇರುವುದು, ಅಷ್ಟೇ. ದೊಡ್ಡ ಆಟಗಾರರ ಪಂದ್ಯಗಳನ್ನು ಒಟ್ಟುಗೂಡಿಸಿದರೆ ಬಿಳಿಗೆ ನೂರಕ್ಕೆ 52ರಿಂದ 56 ಅಂಕ ಸಿಗುತ್ತದೆ, ಉಳಿದದ್ದು ಕಪ್ಪಿಗೆ. ಹತ್ತು ವರ್ಷದ ಮಕ್ಕಳ ಪಂದ್ಯದಲ್ಲಿ ಆ ಅಂತರ ಕಣ್ಣಿಗೂ ಕಾಣುವುದಿಲ್ಲ, ಏಕೆಂದರೆ ಅಲ್ಲಿ ಎರಡೂ ಕಡೆ ಕಾಯಿಗಳು ಉದುರುತ್ತಲೇ ಇರುತ್ತವೆ.

ಆದರೂ ಆ ಒಂದು ನಡೆಯ ಕೊರತೆಯನ್ನು ಮರೆಯುವಂತಿಲ್ಲ. ಬಿಳಿ ಮಾಡಿದ್ದನ್ನೇ ಕಪ್ಪು ನಕಲು ಮಾಡುತ್ತಾ ಹೋದರೆ ಏನಾಗುತ್ತದೆ ನೋಡಿ: 1. ಇ4 ಇ5 2. ಕುದುರೆ ಎಫ್3, ಕುದುರೆ ಎಫ್6 3. ಕುದುರೆ ಇ5 ಹೊಡೆತ, ಕುದುರೆ ಇ4 ಹೊಡೆತ 4. ರಾಣಿ ಇ2. ಈಗ ಹೆದರಿ ಕುದುರೆಯನ್ನು ಎಫ್6ಕ್ಕೆ ಎಳೆದರೆ 5. ಕುದುರೆ ಸಿ6, ಇ ಸಾಲಿನಲ್ಲಿ ರಾಣಿಯ ಚೆಕ್ ಬಿಚ್ಚಿಕೊಳ್ಳುತ್ತದೆ, ಕಪ್ಪಿನ ರಾಣಿ ಹೋಯಿತು. ಮೂರನೆಯ ನಡೆಯಲ್ಲಿ ಮೊದಲು ಡಿ6 ಆಡಿ ಆ ಕುದುರೆಯನ್ನು ಓಡಿಸಿ, ಆಮೇಲೆ ಇ4 ಹೊಡೆದರೆ ಏನೂ ತೊಂದರೆಯಿಲ್ಲ. ಕಪ್ಪಿನವರು ಪ್ರತಿ ನಡೆಗೂ ‘ಅವನು ಈಗ ಏನು ಮಾಡಿದ’ ಎಂದು ಕೇಳಿಕೊಳ್ಳಲೇಬೇಕು. ಬಿಳಿಯವರು ಆ ಪ್ರಶ್ನೆಯನ್ನು ಒಮ್ಮೊಮ್ಮೆ ಮರೆತರೂ ಬದುಕುತ್ತಾರೆ.

ನನ್ನನ್ನು ಕೇಳಿದರೆ ಕಪ್ಪಿಗೆ ಓಪನಿಂಗಿನಲ್ಲಿ ಇರುವುದು ಒಂದೇ ಪರೀಕ್ಷೆ: ನಡುವಿನ ನಾಲ್ಕು ಮನೆಗಳಿಗೆ ನಿಮ್ಮ ಕಾಲಾಳಿನ ಎದುರೇಟು ಬಿತ್ತೇ? ಬಿಳಿ ಇ4 ಆಡಿದ್ದರೆ ಆ ಏಟು ಸಾಮಾನ್ಯವಾಗಿ ಡಿ5. ಬಿಳಿ ಡಿ4 ಆಡಿದ್ದರೆ ಸಿ5 ಅಥವಾ ಇ5. ಅದು ಸುರಕ್ಷಿತವಾಗಿ ಬಿದ್ದ ದಿನ ಆ ಒಂದು ನಡೆಯ ಸಾಲ ತೀರಿತು. ಕಾಯಿ ಹೊರತರುವುದು, ಕ್ಯಾಸಲಿಂಗ್ (ಒಂದೇ ನಡೆಯಲ್ಲಿ ರಾಜನನ್ನು ಮೂಲೆಯತ್ತ ಸರಿಸಿ ಆನೆಯನ್ನು ಅವನ ಮಗ್ಗುಲಿಗೆ ತರುವುದು), ಎಲ್ಲವೂ ಆ ಏಟಿಗೆ ಮಾಡಿಕೊಳ್ಳುವ ತಯಾರಿ.

ನೇರಳೆ ಮಾರ್ಗ

ಕ್ಷಮಿಸಿ, ಇದು ಬಹಳ ಸಪ್ಪೆಯಾಯಿತು. ಬೈಯಪ್ಪನಹಳ್ಳಿಯಿಂದ ಮೆಜೆಸ್ಟಿಕ್ ತಲುಪುವಷ್ಟರಲ್ಲಿ ಮೊಬೈಲಿನಲ್ಲಿ ಮೂರು ನಿಮಿಷದ ಆಟಗಳನ್ನು ಆಡುವವನು ನಾನು. ಕಪ್ಪು ಬಂದರೆ ಸ್ಟ್ಯಾಫರ್ಡ್ ಗ್ಯಾಂಬಿಟ್: 1. ಇ4 ಇ5 2. ಕುದುರೆ ಎಫ್3, ಕುದುರೆ ಎಫ್6 3. ಕುದುರೆ ಇ5 ಹೊಡೆತ, ಕುದುರೆ ಸಿ6! ಕಾಲಾಳು ಕೊಟ್ಟು ದಾಳಿ. ಡಿ4 ಬಂದರೆ ಎಂಗ್ಲಂಡ್ ಗ್ಯಾಂಬಿಟ್, ಮೊದಲ ನಡೆಗೇ ಇ5. ಅರ್ಧಕ್ಕರ್ಧ ಜನ ಹತ್ತು ನಡೆಯೊಳಗೆ ಮುಗ್ಗರಿಸುತ್ತಾರೆ. ಮಕ್ಕಳಿಗೆ ಗೆಲುವಿನ ರುಚಿ ಮೊದಲು ಹತ್ತಲಿ ಸ್ವಾಮಿ, ತತ್ತ್ವ ಆಮೇಲೆ.

ಕಾಲಾಳು ಟೀಚರ್

ಮಕ್ಕಳಿಗೆ ಕಲಿಸುವವಳು ನಾನು, ಆದ್ದರಿಂದ ಈ ಮಾತಿಗೆ ಸುಮ್ಮನಿರಲಾರೆ. ಸ್ಟ್ಯಾಫರ್ಡ್‌ನಲ್ಲಿ ಬಿಳಿಯವನು ಸಿ6ರಲ್ಲಿ ಕುದುರೆಗಳನ್ನು ಬದಲಾಯಿಸಿ, ಡಿ3, ಒಂಟೆ ಇ2 ಎಂದು ಎರಡು ತಣ್ಣನೆಯ ನಡೆ ಇಟ್ಟರೆ ಅವನಿಗೆ ಪುಕ್ಕಟೆ ಕಾಲಾಳು, ನಿಮಗೆ ಖಾಲಿ ಕೈ. ಮೆಟ್ರೊದಲ್ಲಿ ಮೂರು ನಿಮಿಷದ ಆಟದಲ್ಲಿ ಎದುರಾಳಿಗೆ ಅದು ಹೊಳೆಯದಿರಬಹುದು. ಟೂರ್ನಿಯಲ್ಲಿ ಹದಿನೈದು, ಇಪ್ಪತ್ತೈದು ನಿಮಿಷವಿರುವ ಮಗು ಯೋಚಿಸುತ್ತದೆ. ಇನ್ನೊಂದು ಕೆಡುಕೂ ಇದೆ. ಬಲೆಯಿಂದಲೇ ಗೆಲ್ಲುವ ಮಗು ಬಲೆ ಬೀಳದ ದಿನ ಏನು ಮಾಡಬೇಕೆಂದು ತಿಳಿಯದೆ ಕೂರುತ್ತದೆ. ಸಿಸಿಲಿಯನ್ ಪ್ರಿಂಟ್ ಹಿಡಿದ ಮಗುವಿನದೂ ಇದೇ ಪಾಡು. ಇಬ್ಬರೂ ನೆನಪಿನಿಂದ ಆಡುವವರೇ.

ಅಪ್ಪ ಅವರೇ, ಮಗಳು ಇ5 ಆಡಿದ್ದಕ್ಕೆ ಬೈಯಬೇಡಿ, ಬೆನ್ನು ತಟ್ಟಿ. ಇ4ಗೆ ಇ5 ಎಂಬ ಉತ್ತರದಲ್ಲಿ ನಡುಮನೆಯ ಪಾಲು ಮೊದಲ ನಡೆಗೇ ಸಿಗುತ್ತದೆ, ರಾಣಿಗೂ ಎಫ್8ರ ಒಂಟೆಗೂ ದಾರಿ ತೆರೆಯುತ್ತದೆ. ಎರಡನೆಯ ನಡೆಗೆ ಡಿ6 ಅಲ್ಲ, ಕುದುರೆ ಸಿ6 ಇರಲಿ. ಡಿ6 ಕಾಲಾಳನ್ನು ಕಾಯುತ್ತದೆ, ಆದರೆ ಸ್ವಂತ ಒಂಟೆಗೇ ಅಡ್ಡ ನಿಲ್ಲುತ್ತದೆ. ಕುದುರೆ ಸಿ6 ಕಾಯುತ್ತಲೇ ಒಂದು ಕಾಯಿಯನ್ನು ಹೊರಗೂ ತರುತ್ತದೆ. ಕಾಯುವುದು ಅನಿವಾರ್ಯವಾದಾಗಲೆಲ್ಲ ಹೊರಬರುತ್ತಾ ಕಾಯುವ ನಡೆ ಹುಡುಕಿ ಎನ್ನುವುದು ನನ್ನ ತರಗತಿಯಲ್ಲಿ ದಿನವೂ ಕೇಳುವ ಮಾತು.

ಈಗ ತತ್ತ್ವವೇ ಸಾಕು ಎನ್ನುವವರಿಗೂ ಒಂದು ಮಾತು. 3. ಒಂಟೆ ಸಿ4ಗೆ ಕುದುರೆ ಎಫ್6 ಆಡಿದಿರಿ ಎನ್ನಿ. ಬಿಳಿ 4. ಕುದುರೆ ಜಿ5 ಎಂದು ಎಫ್7ರ ಮೇಲೆ ಎರಗುತ್ತದೆ. ‘ಒಂದೇ ಕಾಯಿಯನ್ನು ಎರಡು ಬಾರಿ ಆಡಬೇಡ’ ಎಂಬ ನಿಯಮವನ್ನು ಅವನು ಮುರಿದಿದ್ದಾನೆ, ಆದರೂ ಬೆದರಿಕೆ ನಿಜ. ಉತ್ತರ ಡಿ5, ಒಂಟೆಯ ದಾರಿ ಮುಚ್ಚುವುದು. 5. ಇ ಕಾಲಾಳು ಡಿ5 ಹೊಡೆತ. ಇಲ್ಲಿ ನಿಯಮದಂತೆ ನಡೆಯುವ ಮಗು ಕುದುರೆಯಿಂದ ಡಿ5 ಹೊಡೆದು ನಡುಮನೆಯಲ್ಲಿ ಕೂರುತ್ತದೆ. ಆಗ ಬಿಳಿಯ ಕುದುರೆ ಎಫ್7ರಲ್ಲಿ ತನ್ನನ್ನು ಬಲಿಕೊಟ್ಟು, ರಾಣಿ ಎಫ್3ರಿಂದ ಚೆಕ್ ಕೊಟ್ಟು, ಡಿ5ರ ಕುದುರೆಯನ್ನು ಕಾಯಲು ರಾಜ ಇ6ಕ್ಕೆ ನಡೆದುಕೊಂಡು ಬರುವ ಹಾಗೆ ಮಾಡುತ್ತದೆ. ಬಯಲಲ್ಲಿ ನಿಂತ ರಾಜ ಹೆಚ್ಚು ಮಕ್ಕಳ ಕೈಯಲ್ಲಿ ಉಳಿಯುವುದಿಲ್ಲ.

ಸರಿಯಾದ ನಡೆ ಕುದುರೆ ಎ5. ಅಂಚಿಗೆ ಹೋದ ಕುದುರೆ, ಅದೂ ಎರಡನೆಯ ಬಾರಿ ಆಡಿದ ಕುದುರೆ! ಆದರೆ ಅದು ಸಿ4ರ ಒಂಟೆಯನ್ನು ಮುಟ್ಟುತ್ತದೆ. 6. ಒಂಟೆ ಬಿ5 ಚೆಕ್, ಸಿ6 7. ಡಿ ಕಾಲಾಳು ಸಿ6 ಹೊಡೆತ, ಬಿ ಕಾಲಾಳು ಸಿ6 ಹೊಡೆತ. ಒಂಟೆ ಮತ್ತೆ ಓಡಬೇಕು. ಮುಂದೆ ಎಚ್6 ಬಂದು ಜಿ5ರ ಕುದುರೆಯನ್ನೂ ಓಡಿಸುತ್ತದೆ. ಒಂದು ಕಾಲಾಳು ಹೋಯಿತು, ಅದಕ್ಕೆ ಪ್ರತಿಯಾಗಿ ಬಿಳಿಯ ಕಾಯಿಗಳು ಓಡುತ್ತಿರುವಾಗ ನಿಮ್ಮವು ಹೊರಬಂದವು. ಗಮನಿಸಿ, ಅದೇ ಎಚ್6. ಮಗಳ ಆಟದಲ್ಲಿ ಅದು ಯಾರನ್ನೂ ಮುಟ್ಟಲಿಲ್ಲ, ಇಲ್ಲಿ ಕುದುರೆಯನ್ನು ಎಬ್ಬಿಸುತ್ತದೆ. ಮಕ್ಕಳಿಗೆ ಈ ವ್ಯತ್ಯಾಸ ತಿಳಿದರೆ ನಿಯಮ ಪಟ್ಟಿಯನ್ನು ಗೋಡೆಯಿಂದ ತೆಗೆಯಬಹುದು.

ಹೊರಗೆ ಕಾಯುವ ಅಪ್ಪ

ಟೀಚರ್, ಸಿ8 ಸರ್, ಇಬ್ಬರಿಗೂ ಧನ್ಯವಾದ. ಲೆಗಾಲ್ ಮೇಟಿನ ಆಟವನ್ನು ಹಲಗೆಯ ಮೇಲೆ ಇಟ್ಟು, ಎಚ್6 ಬದಲು ಕುದುರೆ ಆಡಿ ನೋಡಿದೆವು. ‘ಅಷ್ಟೇನಾ?’ ಎಂದಳು.

ಆದರೆ ಕುದುರೆ ಜಿ5 ಗಲಾಟೆ ನನಗೇ ತಲೆ ತಿರುಗಿಸಿತು. ಅದನ್ನು ತಪ್ಪಿಸಿಕೊಳ್ಳುವ ದಾರಿ ಇದೆಯೇ? ಇನ್ನೊಂದು, ಡಿ4 ಆಡಿ ಎರಡನೆಯ ನಡೆಗೇ ಒಂಟೆಯನ್ನು ಎಫ್4ರಲ್ಲಿ ನಿಲ್ಲಿಸುವ ಮಕ್ಕಳೇ ಈಗ ಎಲ್ಲೆಲ್ಲೂ. ಅದಕ್ಕೇನು ಮಾಡುವುದು?

ಸಿ8 ಒಂಟೆ

ದಾರಿ ಇದೆ. ಮೂರನೆಯ ನಡೆಗೆ ಕುದುರೆ ಎಫ್6 ಬದಲು ಒಂಟೆ ಸಿ5. ಆಗ ಡಿ8ರ ರಾಣಿಯ ಕಣ್ಣು ಜಿ5ರ ಮೇಲಿರುತ್ತದೆ, ಬಿಳಿಯ ಕುದುರೆ ಅಲ್ಲಿಗೆ ಬರಲಾರದು. ಬಿಳಿ ಸಾಮಾನ್ಯವಾಗಿ 4. ಸಿ3 ಆಡಿ ಡಿ4 ನೂಕುವ ಸಿದ್ಧತೆ ಮಾಡುತ್ತದೆ. ಈ ಮುಂದಿನ ಆರು ನಡೆಗಳನ್ನು ಮಾತ್ರ ಮಗಳಿಗೆ ನಿಧಾನವಾಗಿ ತೋರಿಸಿ, ಏಕೆಂದರೆ ನಾನು ಮೇಲೆ ಹೇಳಿದ ಎದುರೇಟು ಇಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ.

4. ಸಿ3, ಕುದುರೆ ಎಫ್6 5. ಡಿ4, ಇ ಕಾಲಾಳು ಡಿ4 ಹೊಡೆತ 6. ಸಿ ಕಾಲಾಳು ಡಿ4 ಹೊಡೆತ. ಬಿಳಿಗೆ ನಡುವೆ ಎರಡು ಕಾಲಾಳು ಅಕ್ಕಪಕ್ಕ ನಿಂತಿವೆ, ನಿಮ್ಮ ಒಂಟೆಯ ಮೇಲೆ ಏಟು ಇದೆ. ಹೆದರಿದ ಮಗು ಒಂಟೆಯನ್ನು ಬಿ6ಕ್ಕೆ ಎಳೆಯುತ್ತದೆ, ಬಿಳಿಯ ಕಾಲಾಳುಗಳು ಉರುಳುತ್ತಾ ಬರುತ್ತವೆ. ಬದಲು ಒಂಟೆ ಬಿ4 ಚೆಕ್! 7. ಒಂಟೆ ಡಿ2, ಒಂಟೆಗಳ ಬದಲಾವಣೆ, 8. ಬಿ1ರ ಕುದುರೆಯಿಂದ ಡಿ2 ಹೊಡೆತ. ಈಗ ಡಿ5! 9. ಇ ಕಾಲಾಳು ಡಿ5 ಹೊಡೆತ, ಕುದುರೆ ಡಿ5 ಹೊಡೆತ. ಒಂದು ನಿಮಿಷದ ಹಿಂದೆ ಗೋಡೆಯಂತಿದ್ದ ಜೋಡಿಯಲ್ಲಿ ಉಳಿದದ್ದು ಡಿ4ರ ಒಂಟಿ ಕಾಲಾಳು, ಅದರ ಮುಂದಿನ ಮನೆಯಲ್ಲಿ ನಿಮ್ಮ ಕುದುರೆ. ಬಾಯಿಪಾಠ ಬೇಡ. ‘ಅವನ ನಡುವಿನ ಕಾಲಾಳುಗಳನ್ನು ಒಡೆಯದೆ ಹಿಂದೆ ಸರಿಯಬಾರದು’ ಎಂಬ ಒಂದು ಹಟವಿದ್ದರೆ ಈ ನಡೆಗಳು ತಾವಾಗಿ ಸಿಗುತ್ತವೆ.

ಬಿಳಿ ಡಿ4 ನೂಕದೆ ಡಿ3 ಆಡಿ ನಿಧಾನವಾದರೆ ನೀವೂ ಡಿ6, ಕ್ಯಾಸಲಿಂಗ್. ಅವಸರವಿಲ್ಲ.

ಒಂಟೆ ಎಫ್4 ಎನ್ನುವುದು ಲಂಡನ್ ಸಿಸ್ಟಮ್. ಬಿಳಿಯವನು ಯೋಚಿಸದೆ ಎಂಟು ನಡೆ ಆಡಬಹುದು ಎಂಬುದೇ ಅದರ ಜನಪ್ರಿಯತೆಯ ಗುಟ್ಟು, ಆದ್ದರಿಂದ ಅವನನ್ನು ಯೋಚಿಸುವಂತೆ ಮಾಡುವುದೇ ಕಪ್ಪಿನ ಕೆಲಸ. ಡಿ5 ಆಡಿ, ಬೇಗ ಸಿ5, ಕುದುರೆ ಸಿ6. ಆ ಒಂಟೆ ಸಿ1 ಬಿಟ್ಟು ಹೋದದ್ದರಿಂದ ಬಿ2ರ ಕಾಲಾಳಿಗೆ ಕಾವಲಿಲ್ಲ. ರಾಣಿ ಬಿ6 ಎಂದು ಅದನ್ನು ಕೇಳಿ. ರಾಣಿಯನ್ನು ಬೇಗ ತರಬಾರದು ಎಂದು ಟೀಚರ್ ಗದರಬಹುದು. ರಾಣಿ ಬಿ6ರಲ್ಲಿ ಯಾರ ಕೈಗೂ ಸುಲಭಕ್ಕೆ ಸಿಗುವುದಿಲ್ಲ, ಅದಕ್ಕೆ ಒಂದು ಕೆಲಸವಿದೆ, ಆದ್ದರಿಂದ ತಪ್ಪಿಲ್ಲ. ಬಿ2 ಹೊಡೆಯುವ ಮೊದಲು ಮಾತ್ರ ವಾಪಸು ಬರುವ ದಾರಿ ಇದೆಯೇ ನೋಡಿಕೊಳ್ಳಲಿ.

ಹಳೆಯ ಗಡಿಯಾರ

ಈ ಚರ್ಚೆಗೆ ತಡವಾಗಿ ಬಂದೆ. ಕೀಲಿ ಕೊಡುವ ಗಡಿಯಾರಗಳ ಕಾಲದಲ್ಲಿ ಟೂರ್ನಿಗಳಲ್ಲಿ ತೀರ್ಪುಗಾರನಾಗಿದ್ದವನು.

ಮೊದಲು ‘ಯಾವಾಗಲೂ ಕಪ್ಪೇ ಬರುತ್ತದೆ’ ಎಂಬ ದೂರಿಗೆ. ಸ್ವಿಸ್ ಪದ್ಧತಿಯ (ಪ್ರತಿ ಸುತ್ತಿಗೂ ಸಮಾನ ಅಂಕದವರನ್ನು ಎದುರುಬದುರು ಕೂರಿಸುವ) ಜೋಡಣೆಯಲ್ಲಿ ಬಣ್ಣಗಳನ್ನು ಸಾಧ್ಯವಾದಷ್ಟು ಸರಿದೂಗಿಸುತ್ತಾರೆ. ಏಳು ಸುತ್ತಿದ್ದರೆ ಸಾಮಾನ್ಯವಾಗಿ ಮೂರೋ ನಾಲ್ಕೋ ಕಪ್ಪು. ಸೋತದ್ದು ಹೆಚ್ಚು ನೆನಪಿರುತ್ತದೆ, ಅಷ್ಟೇ.

ಮಗಳಿಗೆ ಎರಡು ಪಂದ್ಯದ ಕಥೆ ಹೇಳಿ. 2010ರ ಮೇ 11, ಬಲ್ಗೇರಿಯದ ಸೋಫಿಯಾ. ವಿಶ್ವ ಚಾಂಪಿಯನ್‌ಷಿಪ್‌ನ ಹನ್ನೆರಡನೆಯ, ಕೊನೆಯ ಪಂದ್ಯ. ವಿಶ್ವನಾಥನ್ ಆನಂದ್ ಮತ್ತು ವೆಸೆಲಿನ್ ಟೊಪಲೊವ್ ಸಮಸಮ ಅಂಕದಲ್ಲಿದ್ದಾರೆ, ಆನಂದ್‌ಗೆ ಕಪ್ಪು. ಅವರು ಆಯ್ದದ್ದು ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್‌ನಲ್ಲಿ ಲಾಸ್ಕರ್ ಡಿಫೆನ್ಸ್, ನೂರು ವರ್ಷಕ್ಕೂ ಹಳೆಯ ಮಾರ್ಗ. ಡಿ5, ಇ6, ಕುದುರೆ ಎಫ್6, ಒಂಟೆ ಇ7, ಕ್ಯಾಸಲಿಂಗ್. ನಿಮ್ಮ ಮಗಳೂ ಆಡಬಹುದಾದ ನಡೆಗಳು. ಆಮೇಲೆ ಕುದುರೆ ಇ4 ಎಂದು ಇಟ್ಟು ಕಾಯಿಗಳನ್ನು ಬದಲಾಯಿಸಿದರು. ಜಾಗ ಇಕ್ಕಟ್ಟಾಗಿರುವವರು ಕಾಯಿ ಬದಲಾಯಿಸಿದರೆ ಉಸಿರಾಡಲು ಅವಕಾಶವಾಗುತ್ತದೆ. ಇದನ್ನು ಇಲ್ಲಿ ಯಾರೂ ಇನ್ನೂ ಹೇಳಿಲ್ಲ. ನಂತರ ಬಿ6, ಸಿ5. ಅದುವರೆಗೆ ಮೂಲೆಯಲ್ಲಿ ಬಾಕಿಯಿದ್ದ ಸಿ8ರ ಒಂಟೆ (ಇಲ್ಲಿಯ ಸಿ8 ಅವರು ಬೇಸರಿಸಬಾರದು) ಬಿ7ರಿಂದ ಇಡೀ ಕರ್ಣವನ್ನು ನೋಡತೊಡಗಿತು. ಬೇಗ ಡ್ರಾ ಆಗಬಹುದೆನಿಸಿದ್ದ ಆಟದಲ್ಲಿ ಟೊಪಲೊವ್ ಗೆಲ್ಲಲು ಹೋಗಿ ತಮ್ಮ ರಾಜನ ಮುಂದಿನ ಸಾಲುಗಳನ್ನು ತೆರೆದರು. ಆನಂದ್ ಗೆದ್ದು ಪಟ್ಟ ಉಳಿಸಿಕೊಂಡರು.

ಇನ್ನೊಂದು 1956ರ ಅಕ್ಟೋಬರ್, ನ್ಯೂಯಾರ್ಕ್. ಬಾಬಿ ಫಿಷರ್‌ಗೆ ಹದಿಮೂರು ವರ್ಷ, ಕಪ್ಪು. ಎದುರಿಗೆ ಡೊನಾಲ್ಡ್ ಬರ್ನ್. ಹತ್ತು ನಡೆಯ ಹೊತ್ತಿಗೆ ಬಿಳಿಗೆ ಕಣ್ಣು ತುಂಬುವ ನಡುಮನೆ ಇದೆ, ಆದರೆ ರಾಜ ಇ1ರಲ್ಲೇ ಇದ್ದಾನೆ, ಎಫ್1ರ ಒಂಟೆ ಎದ್ದೇ ಇಲ್ಲ. ಫಿಷರ್ ಆಗಲೇ ಕ್ಯಾಸಲಿಂಗ್ ಮಾಡಿ ಕುದುರೆ, ಒಂಟೆಗಳನ್ನು ಹೊರತಂದಾಗಿದೆ. ಹನ್ನೊಂದನೆಯ ನಡೆಯಲ್ಲಿ ಬರ್ನ್, ಈಗಾಗಲೇ ಹೊರಬಂದಿದ್ದ ಒಂಟೆಯನ್ನೇ ಎಫ್4ರಿಂದ ಜಿ5ಕ್ಕೆ ಮತ್ತೆ ಆಡಿದರು. ಫಿಷರ್ ಕುದುರೆಯನ್ನು ಎ4ರಲ್ಲಿ ಇಟ್ಟರು. ಟೀಚರ್ ಹೇಳಿದ ಹಾಗೆಯೇ, ಅಂಚಿನ ಕುದುರೆ. ಅದನ್ನು ಹೊಡೆದರೆ ಇನ್ನೊಂದು ಕುದುರೆ ಇ4ಕ್ಕೆ ಬಂದು ನಡುವೆ ಸಿಲುಕಿದ ರಾಜನ ಕಡೆ ಎಲ್ಲ ಬಾಗಿಲೂ ತೆರೆದುಕೊಳ್ಳುತ್ತಿತ್ತು. ಹದಿನೇಳನೆಯ ನಡೆಯಲ್ಲಿ ರಾಣಿಯನ್ನೇ ಬಿಟ್ಟುಕೊಟ್ಟದ್ದನ್ನು ಎಲ್ಲರೂ ಹಾಡಿ ಹೊಗಳುತ್ತಾರೆ. ಅದಕ್ಕೆ ದಾರಿ ಮಾಡಿಕೊಟ್ಟದ್ದು ಬಿಳಿ ಪೋಲು ಮಾಡಿದ ಒಂದು ನಡೆ ಎಂದು ಹೇಳುವವರು ಕಡಿಮೆ.

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಹದಿನೆಂಟರ ಗುಕೇಶ್ ವಿಶ್ವ ಚಾಂಪಿಯನ್ ಆದ ಹದಿನಾಲ್ಕನೆಯ ಪಂದ್ಯದಲ್ಲೂ ಅವರ ಕೈಯಲ್ಲಿದ್ದದ್ದು ಕಪ್ಪು ಕಾಯಿ. ಅಲ್ಲಿ ನಿರ್ಧಾರವಾದದ್ದು ಐವತ್ತು ನಡೆ ದಾಟಿದ ಮೇಲೆ, ಡಿಂಗ್ ಲಿರೆನ್ ಅವರ ಒಂದು ಪ್ರಮಾದದಿಂದ. ಓಪನಿಂಗಿನಿಂದ ಬದುಕಿ ಬಂದರೆ ಸಾಕು, ಆಟ ದೊಡ್ಡದಿದೆ.

ಇ6 ಅಭಿಮಾನಿ

ಅದೇ ಸಿಂಗಪುರದ ಮೊದಲ ಪಂದ್ಯವನ್ನು ಬಿಟ್ಟದ್ದೇಕೆ, ಗಡಿಯಾರ ಸರ್? ಡಿಂಗ್ ಕಪ್ಪಿನಲ್ಲಿ ಗುಕೇಶ್ ಅವರನ್ನು ಸೋಲಿಸಿದ್ದು ಫ್ರೆಂಚ್ ಡಿಫೆನ್ಸ್ ಆಡಿ!

ಇ5 ಆಡುವ ಮಗು ಇಟಾಲಿಯನ್, ಸ್ಪ್ಯಾನಿಷ್, ಸ್ಕಾಚ್, ವಿಯೆನ್ನಾ, ಕಿಂಗ್ಸ್ ಗ್ಯಾಂಬಿಟ್ ಎಲ್ಲಕ್ಕೂ ತಲೆ ಕೊಡಬೇಕು. ಫ್ರೆಂಚ್‌ನಲ್ಲಿ 1. ಇ4 ಇ6 2. ಡಿ4 ಡಿ5, ಎದುರೇಟು ಎರಡನೆಯ ನಡೆಗೇ ಬಿತ್ತು. ಬಿಳಿ ಇ5 ನೂಕಿದರೆ ಸಿ5. ಕಾಲಾಳುಗಳ ಸರಪಣಿಯನ್ನು ಬುಡದಲ್ಲಿ, ಅಂದರೆ ಡಿ4ರಲ್ಲಿ ಹೊಡೆಯಬೇಕು. ಕುದುರೆ ಸಿ6, ರಾಣಿ ಬಿ6, ಮತ್ತೊಂದು ಕುದುರೆ ಎಫ್5ರ ಕಡೆಗೆ, ಎಲ್ಲರ ಗುರಿಯೂ ಆ ಒಂದು ಕಾಲಾಳು. ಮಕ್ಕಳಿಗೆ ಇಷ್ಟು ಸ್ಪಷ್ಟ ಯೋಜನೆ ಬೇರೆಲ್ಲಿ ಸಿಗುತ್ತದೆ? ಬಾಯಿಪಾಠವೂ ಕಡಿಮೆ.

ಸಿ8 ಒಂಟೆ

ಹೌದು, ಯೋಜನೆ ಸ್ಪಷ್ಟ. ಇ6 ಕಾಲಾಳಿನ ಹಿಂದೆ ಉಸಿರುಗಟ್ಟಿ ಕೂರುವ ನನ್ನ ಹೆಸರಿನವನ ಗತಿ ಮಾತ್ರ ಕೇಳಬೇಡಿ. ಅದಕ್ಕೇ ಕೆಲವರು ಕಾರೊ-ಕಾನ್ ಹಿಡಿಯುತ್ತಾರೆ. ಅಲ್ಲಿ ಸಿ6, ಡಿ5 ಆಡಿ, ಬಿಳಿ ಇ5 ನೂಕಿದರೆ ಒಂಟೆ ಎಫ್5ರಲ್ಲಿ ಹೊರಬಂದು ಕೂರುತ್ತದೆ, ಆಮೇಲೆ ಇ6.

ನನ್ನ ಹಟ ಬೇರೆಯದು. ಹತ್ತು ವರ್ಷದ ಮಗು ಮೊದಲು ತೆರೆದ ಆಟ ಆಡಲಿ. ಸಾಲುಗಳು ತೆರೆದುಕೊಂಡಾಗ ಒಂದು ನಡೆ ಪೋಲಾದರೆ ಶಿಕ್ಷೆ ತಕ್ಷಣ ಬೀಳುತ್ತದೆ, ಏಕೆ ಬಿತ್ತು ಎಂಬುದೂ ಕಾಣುತ್ತದೆ. ಮುಚ್ಚಿದ ಆಟದಲ್ಲಿ ಹತ್ತನೆಯ ನಡೆಯ ತಪ್ಪಿಗೆ ಮೂವತ್ತನೆಯ ನಡೆಯಲ್ಲಿ ಶಿಕ್ಷೆ. ಮಗು ಅಷ್ಟರಲ್ಲಿ ಕಾರಣವನ್ನೇ ಮರೆತಿರುತ್ತದೆ. ಫ್ರೆಂಚ್ ಹೈಸ್ಕೂಲಿಗೆ ಇರಲಿ.

ಇ6 ಅಭಿಮಾನಿ

ಒಪ್ಪುವುದಿಲ್ಲ. ಏಳು ನಡೆಗೆ ಮೇಟ್ ಆಗುವುದು ಶಿಕ್ಷಣ, ಮೂವತ್ತು ನಡೆ ನಿಂತು ಆಡುವುದು ಶಿಕ್ಷಣವಲ್ಲ ಎಂದರೆ ಹೇಗೆ?

ನೇರಳೆ ಮಾರ್ಗ

ಇಬ್ಬರೂ ಜಗಳ ಬಿಡಿ. ಬಿಳಿ ಏನೇ ಆಡಲಿ, ಕುದುರೆ ಎಫ್6, ಜಿ6, ಒಂಟೆ ಜಿ7, ಡಿ6, ಕ್ಯಾಸಲಿಂಗ್. ಕಿಂಗ್ಸ್ ಇಂಡಿಯನ್! ಐದು ನಡೆ, ಯೋಚನೆಯೇ ಬೇಡ, ರಾಜ ಭದ್ರ. ಹೆಸರಿನಲ್ಲೇ ನಮ್ಮ ದೇಶವಿದೆ.

ಹಳೆಯ ಗಡಿಯಾರ

ದೇಶ ಇರುವುದಕ್ಕೆ ಕಾರಣವೂ ಇದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಲ್ಕತ್ತೆಯಲ್ಲಿ ಮಹೇಶಚಂದ್ರ ಬ್ಯಾನರ್ಜಿ ಎಂಬವರು ಜಾನ್ ಕಾಕ್ರನ್ ಎಂಬ ಬ್ರಿಟಿಷ್ ಆಟಗಾರನೆದುರು ಇಂತಹ ವ್ಯೂಹಗಳನ್ನು ಕಪ್ಪಿನಲ್ಲಿ ಆಡುತ್ತಿದ್ದರು. ನಮ್ಮ ಹಳೆಯ ಚದುರಂಗದಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲೂ ಒಂದೇ ಮನೆಯ ಹೆಜ್ಜೆ. ಆ ರೂಢಿಯವರಿಗೆ ಜಿ6, ಡಿ6 ಎಂದು ಹತ್ತಿರದಲ್ಲೇ ಕಟ್ಟಿಕೊಳ್ಳುವುದು ಸಹಜವಾಗಿತ್ತು. ನಡುಮನೆಯನ್ನು ಕಾಲಾಳಿನಿಂದ ತುಂಬದೆ ದೂರದಿಂದ ಕಾಯಿಗಳಿಂದ ಹಿಡಿಯಬಹುದು ಎಂಬುದನ್ನು ಯುರೋಪಿನಲ್ಲಿ ನಿಮ್ಝೊವಿಚ್, ರೆಟಿ ಅಂಥವರು ಸಿದ್ಧಾಂತವಾಗಿ ಮಂಡಿಸಿದ್ದು ಆಮೇಲೆ, 1920ರ ದಶಕದ ಆಸುಪಾಸಿನಲ್ಲಿ.

ಆದರೆ ‘ಯೋಚನೆಯೇ ಬೇಡ’ ಎಂಬುದು ಸುಳ್ಳು. ಐದು ನಡೆ ಆಡಿದ ಮೇಲೆ ಇ5 ಅಥವಾ ಸಿ5 ಬೀಳದಿದ್ದರೆ ಬಿಳಿ ಇಡೀ ಹಲಗೆ ತುಂಬಿಕೊಂಡು ನಿಮ್ಮನ್ನು ಹಿಂಡುತ್ತದೆ.

ಕಾಲಾಳು ಟೀಚರ್

ನನ್ನ ತರಗತಿಯಲ್ಲಿ ಈ ಐದು ನಡೆಯ ಮಕ್ಕಳು ಕೆಲವರಿದ್ದಾರೆ. ಎದುರಾಳಿಯ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಅವನು ಒಂಟೆ ಇ3, ರಾಣಿ ಡಿ2, ಒಂಟೆ ಎಚ್6 ಎಂದು ಸಾಲಾಗಿ ಬಂದು ಜಿ7ರ ಒಂಟೆಯನ್ನು ಬದಲಾಯಿಸಿ, ಎಚ್ ಕಾಲಾಳನ್ನು ನೂಕಿದಾಗಲೇ ಎಚ್ಚರ. ‘ರಾಜ ಭದ್ರ’ ಎಂದವರು ಆ ಆಟಗಳನ್ನು ಬಂದು ನೋಡಬೇಕು.

ಅಂದ ಹಾಗೆ, ಡಿ4ಗೆ ಡಿ5 ಆಡುವ ಮಕ್ಕಳಿಗೆ ಒಂದು ಬಹುಮಾನವೂ ಕಾದಿರುತ್ತದೆ. 1. ಡಿ4 ಡಿ5 2. ಸಿ4 ಇ6 3. ಕುದುರೆ ಸಿ3, ಕುದುರೆ ಎಫ್6 4. ಒಂಟೆ ಜಿ5, ಬಿ8ರ ಕುದುರೆ ಡಿ7 5. ಸಿ ಕಾಲಾಳು ಡಿ5 ಹೊಡೆತ, ಇ ಕಾಲಾಳು ಡಿ5 ಹೊಡೆತ. ‘ಎಫ್6ರ ಕುದುರೆ ರಾಣಿಗೆ ಕಟ್ಟಿಬಿದ್ದಿದೆ, ಕದಲಿದರೆ ರಾಣಿ ಹೋಗುತ್ತದೆ’ ಎಂದು ಬಿಳಿ ಡಿ5 ಹೊಡೆದರೆ, ಕಟ್ಟು ಲೆಕ್ಕಿಸದೆ ಕುದುರೆಯಿಂದ ಹೊಡೆಯಿರಿ. ಅವನು ರಾಣಿಯನ್ನು ತೆಗೆದುಕೊಳ್ಳಲಿ. ಒಂಟೆ ಬಿ4 ಚೆಕ್, ಅಡ್ಡ ಬರಲು ಅವನ ರಾಣಿಯೊಂದೇ ಗತಿ. ಲೆಕ್ಕ ಮುಗಿದಾಗ ನಿಮ್ಮ ಹತ್ತಿರ ಒಂದು ಕಾಯಿ ಹೆಚ್ಚು. ಇದಕ್ಕೆ ಆನೆ ಬಲೆ (ಎಲಿಫೆಂಟ್ ಟ್ರ್ಯಾಪ್) ಎನ್ನುತ್ತಾರೆ. ನೇರಳೆ ಮಾರ್ಗದವರೇ, ಇಂತಹ ಬಲೆಗೆ ನನ್ನ ಅಭ್ಯಂತರವಿಲ್ಲ. ಬೀಳದಿದ್ದರೂ ನಿಮ್ಮ ಕಾಯಿಗಳು ಸರಿಯಾದ ಮನೆಗಳಲ್ಲೇ ಇರುತ್ತವೆ.

ಹೊರಗೆ ಕಾಯುವ ಅಪ್ಪ

ಈ ವಾರ ಮತ್ತೊಂದು ಟೂರ್ನಿ, ಈ ಸಲ ಬನಶಂಕರಿಯ ಕಡೆ. ಎರಡನೆಯ ಸುತ್ತಿನಲ್ಲಿ ಕಪ್ಪು, ಎದುರಿಗೆ ಅದೇ ಲಂಡನ್. ಬರೆದುಕೊಂಡು ಬಂದಿದ್ದಾಳೆ:

1. ಡಿ4 ಡಿ5 2. ಒಂಟೆ ಎಫ್4, ಸಿ5 3. ಇ3, ಕುದುರೆ ಸಿ6 4. ಸಿ3, ಕುದುರೆ ಎಫ್6 5. ಕುದುರೆ ಡಿ2, ಇ6 6. ಜಿ ಕುದುರೆ ಎಫ್3, ಒಂಟೆ ಡಿ6 7. ಒಂಟೆ ಡಿ6 ಹೊಡೆತ, ರಾಣಿ ಡಿ6 ಹೊಡೆತ 8. ಒಂಟೆ ಡಿ3, ಕ್ಯಾಸಲಿಂಗ್ 9. ಕ್ಯಾಸಲಿಂಗ್, ಇ5.

ಕೊನೆಗೆ ಆನೆಗಳ ಆಟದಲ್ಲಿ ಸಮಯ ಸಾಲದೆ ಸೋತಳು, ಅದು ಬೇರೆ ಮಾತು. ಒಂಬತ್ತನೆಯ ಇ5 ಏಕೆ ಆಡಿದೆ ಎಂದು ಕೇಳಿದೆ. ‘ಅದನ್ನು ಆಡದಿದ್ದರೆ ಅವನು ಇ4 ಆಡುತ್ತಿದ್ದ’ ಎಂದಳು. ಇದು ಸರಿಯೇ?

ಸಿ8 ಒಂಟೆ

ನೂರಕ್ಕೆ ನೂರು. ಸಿ5, ಇ5 ಎರಡೂ ಬಿದ್ದಿವೆ, ಇ6ರ ಕಾಲಾಳು ಮುಂದೆ ಹೋದದ್ದರಿಂದ ನನ್ನ ಹೆಸರಿನವನಿಗೂ ದಾರಿ ಸಿಕ್ಕಿದೆ. ಈ ಹಂತದಲ್ಲಿ ಬಿಳಿಗೆ ಯಾವ ಮೇಲುಗೈಯೂ ಉಳಿದಿಲ್ಲ. ಮುಂದೆ ಹೇಗೆ ಹೋಯಿತು?

ಹೊರಗೆ ಕಾಯುವ ಅಪ್ಪ

10. ಡಿ ಕಾಲಾಳು ಇ5 ಹೊಡೆತ, ಕುದುರೆ ಇ5 ಹೊಡೆತ 11. ಕುದುರೆ ಇ5 ಹೊಡೆತ, ರಾಣಿ ಇ5 ಹೊಡೆತ 12. ಕುದುರೆ ಎಫ್3, ರಾಣಿ ಎಚ್5.

ಕಾಲಾಳು ಟೀಚರ್

ಎಚ್5ರಲ್ಲಿ ಮುಂದೆ ಒಂಟೆ ಜಿ4 ಆಡಿ ಕುದುರೆಯನ್ನು ಕಟ್ಟುವ ಆಸೆ ಇರಬೇಕು. ಚೆನ್ನಾಗಿದೆ. ನಾನಾಗಿದ್ದರೆ ರಾಣಿಯನ್ನು ಇ7ಕ್ಕೆ ಇಟ್ಟು, ಜಿ4ಕ್ಕೆ ಒಂಟೆಯನ್ನೂ ಇ ಮತ್ತು ಡಿ ಸಾಲುಗಳಿಗೆ ಆನೆಗಳನ್ನೂ ತರುತ್ತಿದ್ದೆ.

ನೇರಳೆ ಮಾರ್ಗ

ಎಚ್5! ಹುಡುಗಿ ನಮ್ಮ ಪಕ್ಷ.